ಫೋಲ್ಡರು ಇದೆಯೇ ಎಂದು ನೋಡುತ್ತಿದ್ದವರು

ಎನ್.ಆರ್. ಕಾಲೋನಿಯ ಛತ್ರವೊಂದರಲ್ಲಿ ಅವರ ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ಅವರ ಹೆಂಡತಿಯ ಕಡೆಯ ನೆಂಟರೊಬ್ಬರಿದ್ದರು. ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ ನನ್ನ ಊರು, ಕೆಲಸ, ಮನೆ ಸ್ವಂತದ್ದೋ ಬಾಡಿಗೆಯದೋ ಎಲ್ಲ ವಿಚಾರಿಸಿಕೊಂಡು ಆಮೇಲೆ ಸತ್ತವರ ಕಡೆಗೆ ಬಂದರು.

“ನೀವೂ ಅವರೂ ಒಂದೇ ಆಫೀಸಲ್ಲಿ ಇದ್ರಂತೆ. ಅವರು ಏನ್ ಕೆಲಸ ಮಾಡ್ತಿದ್ರು ಅಂತ ನಮಗ್ಯಾರಿಗೂ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ ನೋಡಿ. ಕಂಪ್ಯೂಟರ್ ಅಂತಿದ್ರು. ಕಂಪ್ಯೂಟರಲ್ಲಿ ಏನು?”

“ಫೋಲ್ಡರ್ ಇದೆಯಾ ಅಂತ ನೋಡ್ತಿದ್ರು,” ಎಂದೆ.

“ಇದ್ರೆ?”

“ಇದ್ರೆ ಸರಿ.”

“ಇಲ್ದಿದ್ರೆ?”

“ಇಲ್ದಿದ್ರೆ ಕೂಗ್ತಿದ್ರು.”

ಆ ನೆಂಟರು ನನ್ನ ಮುಖವನ್ನೊಮ್ಮೆ ನೋಡಿ ಸಾರಿನವನ ಕಡೆ ತಿರುಗಿಕೊಂಡರು. ಸತ್ತವರ ಊಟದಲ್ಲೂ ತಮಾಷೆ ಮಾಡುವ ಮನುಷ್ಯ ಎಂದುಕೊಂಡಿರಬೇಕು. ನಾನು ಹೇಳಿದ್ದು ಅಕ್ಷರಶಃ ನಿಜ. ಗಾಂಧಿಬಜಾರಿನಲ್ಲಿ ಯಾರಾದರೂ ಕೇಳಿದರೆ ಅವರ ಹೆಂಡತಿಯೂ ಇದನ್ನೇ ಹೇಳುತ್ತಿದ್ದರು. ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸವನಗುಡಿಯ ಒಂದು ಹಳೆಯ ಮನೆಯಲ್ಲಿ ನಮ್ಮ ಆಫೀಸು. ಹೊರದೇಶದ ಪ್ರಕಾಶಕರ ದಪ್ಪದಪ್ಪ ವೈದ್ಯಕೀಯ ಪುಸ್ತಕಗಳಿಗೆ ಅಕ್ಷರ ಜೋಡಿಸಿ, ಪುಟ ಕಟ್ಟಿ ಕಳಿಸುವ ಕೆಲಸ. ನಾನು ಕರಡು ತಿದ್ದುವವನು. ಹಜಾರ, ನಡುಮನೆ, ಮಲಗುವ ಕೋಣೆಗಳಲ್ಲೆಲ್ಲ ಮೇಜುಗಳು, ಮೇಜುಗಳ ಮೇಲೆ ಯೂನಿಕ್ಸ್ ಯಂತ್ರಗಳು. ಪುಸ್ತಕಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡ ಯಂತ್ರ, ಅಂದರೆ ಸರ್ವರು, ದೇವರ ಮನೆಯಲ್ಲಿತ್ತು. ಕಿಟಕಿಯಿಲ್ಲದ, ಬೀಗ ಹಾಕಬಹುದಾದ ಕೋಣೆ ಅದೊಂದೇ. ಹಿತ್ತಿಲ ಭಾಗದಲ್ಲಿ ವಾಸವಾಗಿದ್ದ ಮನೆಯ ಒಡತಿ ಅಜ್ಜಿ ತಮ್ಮ ದೇವರುಗಳನ್ನು ಹಿಂದಿನ ಕೋಣೆಗೆ ಸಾಗಿಸಿಕೊಂಡಿದ್ದರು. ಆದರೂ ಆ ಹೊಸ್ತಿಲನ್ನು ಯಾರೂ ಚಪ್ಪಲಿ ಮೆಟ್ಟಿಕೊಂಡು ದಾಟಬಾರದು ಎಂದು ಬಾಯಿಮಾತಿನ ಕರಾರು ಮಾಡಿಕೊಂಡಿದ್ದರು. ಶುಕ್ರವಾರ ಶುಕ್ರವಾರ ಅಲ್ಲಿ ರಂಗೋಲಿ ಹಾಕುತ್ತಿದ್ದರು. ಯಂತ್ರ ಕೆಟ್ಟಾಗ ಬರುತ್ತಿದ್ದ ಇಂಜಿನಿಯರುಗಳು ಟೈ ಕಟ್ಟಿಕೊಂಡು, ಬರಿಗಾಲಿನಲ್ಲಿ, ರಂಗೋಲಿ ದಾಟಿ ಒಳಗೆ ಹೋಗುತ್ತಿದ್ದರು.

ಆ ಕೋಣೆಯ ಬೀಗದ ಕೈ ಇವರ ಬಳಿ ಇರುತ್ತಿತ್ತು. ಅದಕ್ಕೇ ನಾವು, ದೇವಸ್ಥಾನದ ಉಸ್ತುವಾರಿ ನೋಡುವವರಿಗೆ ಹೇಳುವಂತೆ, ಇವರನ್ನು ಪಾರುಪತ್ತೇಗಾರರು ಎನ್ನುತ್ತಿದ್ದೆವು. ಅವರಿಗೂ ಅದರಿಂದ ಬೇಸರವಿರಲಿಲ್ಲ. ಏಸಿಯ ಚಳಿಗೆ ಕಿವಿ ಮುಚ್ಚುವ ಮಫ್ಲರು, ಮೇಲೊಂದು ಶಾಲು, ಸೊಂಟದಲ್ಲಿ ಪೇಜರು. ಪೇಜರಿಗೆ ಹೆಂಡತಿಯ ಕೈಲಿ ರವಿಕೆ ಬಟ್ಟೆಯ ಚೀಲ ಹೊಲಿಸಿಕೊಂಡಿದ್ದರು. ಕಡುಬೇಸಿಗೆಯಲ್ಲಿ ಶಾಲು ಹೊದ್ದು, ಬರಿಗಾಲಲ್ಲಿ ಹಜಾರಕ್ಕೆ ಬಂದು ನಿಂತ ಅವರನ್ನು ನೋಡಿ ಕೊರಿಯರಿನವನೊಬ್ಬ ಕೈಮುಗಿದದ್ದೂ ಉಂಟು.

ಅವರ ಕೆಲಸವನ್ನು ಇನ್ನೊಂದಿಷ್ಟು ಬಿಡಿಸಿ ಹೇಳಬೇಕು. ನಮ್ಮ ಮೇಜಿನ ಯಂತ್ರಗಳಲ್ಲಿ ಪುಸ್ತಕ ಇರುತ್ತಿರಲಿಲ್ಲ. ಒಂದೊಂದರಲ್ಲೂ ‘ಗ್ರಂಥ’ ಎಂಬ ಹೆಸರಿನ ಒಂದು ಖಾಲಿ ಫೋಲ್ಡರು. ಅದಕ್ಕೆ ದೇವರ ಮನೆಯ ಯಂತ್ರವನ್ನು ತಂತಿಯ ಮೂಲಕ ಜೋಡಿಸಿದಾಗ ಅಲ್ಲಿನ ಪುಸ್ತಕಗಳೆಲ್ಲ ಇಲ್ಲೇ ಇದ್ದಂತೆ ಕಾಣುತ್ತಿದ್ದವು. ಈ ಜೋಡಣೆಗೆ ಮೌಂಟ್ ಎಂದು ಹೆಸರು. ಜೋಡಣೆ ಕಳಚಿದರೂ ಫೋಲ್ಡರು ಹಾಗೇ ಇರುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಕಳಚಿದ್ದು ಗೊತ್ತಾಗದೆ ಅದರೊಳಗೆ ಕೆಲಸ ಮಾಡಿಟ್ಟರೆ ಅದು ದೇವರ ಮನೆಗೆ ತಲುಪುವುದಿಲ್ಲ. ಈ ಅನಾಹುತವಾಗದಂತೆ ಕಾಯುವುದು ಅವರ ಉದ್ಯೋಗ. ಅದಕ್ಕಾಗಿ ಶೆಲ್ ಸ್ಕ್ರಿಪ್ಟುಗಳನ್ನು, ಅಂದರೆ ಯಂತ್ರಕ್ಕೆ ಒಂದರ ಹಿಂದೊಂದು ಕೊಡುವ ಸಣ್ಣ ಸಣ್ಣ ಆಜ್ಞೆಗಳ ಸಾಲುಗಳನ್ನು, ಬರೆದಿದ್ದರು. ಅವು ಪ್ರತಿ ಯಂತ್ರದಲ್ಲೂ ದಿನವಿಡೀ ಓಡುತ್ತಿದ್ದವು.

“‘ಇದ್ದೀಯಾ’ ಅಂತ ಕೇಳಬಾರದು ಸ್ವಾಮಿ,” ಎನ್ನುತ್ತಿದ್ದರು. “ಕೇಳಿದ್ರೆ ಇದ್ದೀನಿ ಅಂತಾನೇ ಹೇಳುತ್ತೆ. ಪಟ್ಟೀಲಿ ಹೆಸರಿರುತ್ತೆ, ಆಸಾಮಿ ಇರಲ್ಲ. ಒಳಗೆ ಕೈ ಹಾಕಿ ನೋಡ್ಬೇಕು.”

ಒಳಗೆ ಕೈ ಹಾಕಿ ನೋಡುವುದಕ್ಕೆಂದೇ ದೇವರ ಮನೆಯ ಯಂತ್ರದಲ್ಲಿ ‘ಇದ್ದೇನೆ’ ಎಂಬ ಹೆಸರಿನ ಒಂದು ಫೈಲನ್ನು ಇಟ್ಟಿದ್ದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಸ್ಕ್ರಿಪ್ಟು ಗ್ರಂಥದೊಳಗೆ ಹೋಗಿ ‘ಇದ್ದೇನೆ’ ಕಾಣುತ್ತದೆಯೇ ಎಂದು ನೋಡುವುದು. ಕಂಡರೆ ಮೌಂಟ್ ಇದೆ. ಕಾಣದಿದ್ದರೆ ನಾವು ನೋಡುತ್ತಿರುವುದು ಬರಿಯ ಖಾಲಿ ಫೋಲ್ಡರು.

ಈ ಸಿದ್ಧಾಂತ ಆಫೀಸಿನಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ಹೋಟೆಲಿನ ಹಲಗೆಯ ಮೇಲೆ ಏನು ಬರೆದಿದ್ದರೂ ಅವರು ನಂಬುತ್ತಿರಲಿಲ್ಲ. “ಮಸಾಲೆದೋಸೆ ಒಂದು ತಂದು ತೋರ್ಸಪ್ಪ, ಆಮೇಲೆ ಹೇಳ್ತೀನಿ” ಎನ್ನುತ್ತಿದ್ದರು. ತಂದು ತೋರಿಸಿದ ಮೇಲೆ ಇಡ್ಲಿ ಹೇಳುತ್ತಿದ್ದರು. ನಾದಿನಿಯ ಮಗಳನ್ನು ನೋಡಲು ನಗರ್ತಪೇಟೆಯಿಂದ ಗಂಡಿನ ಕಡೆಯವರು ಬಂದಿದ್ದಾಗ, ಹುಡುಗ ಬಿ.ಕಾಂ. ಮಾಡಿದ್ದಾನೆ ಎಂದು ಯಾರೋ ಅಂದರು. ಇವರು ಜೇಬಿನಿಂದ ಒಂದು ಬಸ್ ಟಿಕೆಟ್ಟು, ಪೆನ್ನು ತೆಗೆದು “ಏನಾದ್ರೂ ಬರೀಪ್ಪ” ಎಂದರು. ಹುಡುಗ ಬರೆದ. ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು, ಉಪ್ಪಿಟ್ಟು ಕೇಸರಿಬಾತು ಮುಗಿಯುವವರೆಗೆ ಸುಮ್ಮನಿದ್ದು, ಮತ್ತೆ ತೆಗೆದು ಕೊಟ್ಟು “ಈಗ ಓದು” ಎಂದರು. ಬರೆದದ್ದನ್ನು ಹಾಗೇ ತಿರುಗಿ ಓದಲು ಬಂದರೆ ಸಂಪರ್ಕ ಸರಿಯಾಗಿದೆ ಎಂದು ಅವರ ಲೆಕ್ಕ. ಹುಡುಗ ಓದಿದ, ಮದುವೆಯೂ ಆಯಿತು. ಸಮಾರಾಧನೆಯ ದಿನ ಅವನೇ ಪಾಯಸ ಬಡಿಸುತ್ತಿದ್ದ. ಇವರ ಮಾತೆತ್ತಿದಾಗ ಇನ್ನೂ ಸ್ವಲ್ಪ ಹೆದರಿದವನಂತೆ ಕಂಡ.

ಯಂತ್ರಗಳಲ್ಲಿ ಇನ್ನೊಂದು ತೊಡಕಿತ್ತು. ದೇವರ ಮನೆಯ ಯಂತ್ರ ಪೂರ್ತಿ ಮಲಗಿಬಿಟ್ಟರೆ ‘ಇಲ್ಲ’ ಎನ್ನುವ ಉತ್ತರವೂ ಬರುತ್ತಿರಲಿಲ್ಲ. ಕೇಳಲು ಹೋದ ಸ್ಕ್ರಿಪ್ಟು ಉತ್ತರಕ್ಕೆ ಕಾದುಕೊಂಡು ಅಲ್ಲೇ ಕೂತುಬಿಡುತ್ತಿತ್ತು. ಕಾಯುವವನೇ ಸಿಕ್ಕಿಬಿದ್ದರೆ ಕೂಗುವವರು ಯಾರು? ಅದಕ್ಕೆ ಎರಡನೆಯ ಸ್ಕ್ರಿಪ್ಟು ಬರೆದರು. ಮೊದಲನೆಯದು ಸಿಕ್ಕಿಬಿದ್ದರೆ ಅಥವಾ ಸತ್ತರೆ ಎರಡನೆಯದು ಅದನ್ನು ಹೊಸದಾಗಿ ಎಬ್ಬಿಸುವುದು. ಎರಡನೆಯದನ್ನು ನೋಡಿಕೊಳ್ಳಲು ಮೂರನೆಯದು. ಮೂರಕ್ಕೂ ಭಾವ, ಮೈದುನ, ಷಡ್ಡಕ ಎಂದು ಹೆಸರಿಟ್ಟಿದ್ದರು. ಯಾಕೆ ಎಂದು ಕೇಳಿದರೆ “ಒಬ್ಬರ ಮೇಲೊಬ್ಬರು ಕಣ್ಣಿಡೋಕೆ ಇವರಿಗಿಂತ ಬೇಕಾ?” ಎಂದರು. ತಮ್ಮ ಸ್ವಂತ ಭಾವಮೈದುನರ ಜೊತೆ ಅವರಿಗೆ ಮಾತಿರಲಿಲ್ಲ.

ಒಮ್ಮೆ ಯಾರೋ ನೆಂಟರನ್ನು ಲಾಡ್ಜಿಗೆ ಬಿಟ್ಟುಬರಲು ಉಪ್ಪಾರಪೇಟೆಗೆ ಹೋಗಿದ್ದಾಗ ಪೇಜರು ಕೂಗಿತು. ಎಸ್‌ಟಿಡಿ ಬೂತಿಗೆ ನುಗ್ಗಿ ಆಫೀಸಿಗೆ ಫೋನು ಮಾಡಿದರು. ಈ ಕಡೆ ಎತ್ತಿದವನು ನಾನು.

“ಭಾವ ಸಿಕ್ಕಿಹಾಕ್ಕೊಂಡಿದಾನೆ. ಮುಗಿಸ್ಬಿಡಿ. ಮೈದುನ ಇನ್ನೊಬ್ಬ ಭಾವನ್ನ ಎಬ್ಬಿಸ್ತಾನೆ. ಎಬ್ಬಿಸ್ಲಿಲ್ಲ ಅಂದ್ರೆ ಅವನನ್ನೂ ಮುಗಿಸಿ, ನಾನು ಬರ್ತಿದೀನಿ.”

ಪೊಲೀಸ್ ಠಾಣೆ ಬೂತಿಗೆ ಕೂಗಳತೆಯಲ್ಲಿತ್ತು. ಬೂತಿನವನು ಅದರ ಕಡೆ ನೋಡಿದ, ಇವರ ಕಡೆ ನೋಡಿದ, ಚಿಲ್ಲರೆ ಮುಟ್ಟಲಿಲ್ಲ. “ಒಳ್ಳೇ ಜನ ಇದಾರೆ ಆ ಕಡೆ. ದುಡ್ಡು ಬೇಡ, ಹೋಗಿ ಸಾರ್ ಅಂದ್ರು” ಎಂದು ಇವರು ಬಂದು ನಮಗೆ ವರದಿ ಕೊಟ್ಟರು.

‘ಇದ್ದೇನೆ’ ಕಾಣದಿದ್ದಾಗ ಯಂತ್ರ ಕೀರಲು ದನಿಯಲ್ಲಿ ಕೂಗುತ್ತಿತ್ತು. ಇವರು ಶಾಲು ಎಳೆದುಕೊಂಡು ದೇವರ ಮನೆಯಿಂದ ಓಡಿಬಂದು “ಕೈ ಎತ್ತಿ” ಎನ್ನುತ್ತಿದ್ದರು. ಯಾರೂ ಕೀಲಿಮಣೆ ಮುಟ್ಟಬಾರದು ಎಂಬುದು ಉದ್ದೇಶ. ಕೈಯನ್ನು ತೊಡೆಯ ಮೇಲಿಟ್ಟುಕೊಂಡರೂ ಸಾಕಿತ್ತು, ಆದರೆ ಅವರಿಗೆ ಕೈ ಕಾಣಬೇಕು. ಕೂಗಿದ್ದು ಒಂದೇ ಯಂತ್ರವಾದರೂ ಎಲ್ಲರೂ ಎತ್ತಬೇಕು. ಮೊದಮೊದಲು ನಗು, ಆಮೇಲೆ ಸಿಟ್ಟು, ಕೊನೆಗೆ ಅಭ್ಯಾಸವಾಗಿ ನಾವು ಕೈ ಎತ್ತಿಕೊಂಡೇ ಮನೆಯ ಕಷ್ಟಸುಖ ಮಾತಾಡುತ್ತಿದ್ದೆವು. ಒಂದು ಸಲ ಹೊರದೇಶದ ಪ್ರಕಾಶಕರ ಪ್ರತಿನಿಧಿಯೊಬ್ಬರು ಅದೇ ಹೊತ್ತಿಗೆ ಬಾಗಿಲಿಗೆ ಬಂದರು. ಮನೆ ತುಂಬ ಜನ ಕೈ ಎತ್ತಿ ಕೂತದ್ದನ್ನು, ನಡುವೆ ಮಫ್ಲರು ಸುತ್ತಿದ ಒಬ್ಬರು ಓಡಾಡುತ್ತಿದ್ದುದನ್ನು ನೋಡಿ ತಾವೂ ಬ್ಯಾಗು ಕೆಳಗಿಟ್ಟು ಕೈ ಎತ್ತಿದರು. ಇವರು ಅವರ ಹತ್ತಿರ ಹೋಗಿ, ನಿಮ್ಮ ಹೆಸರಲ್ಲಿ ಯಾವ ಯಂತ್ರವೂ ಇಲ್ಲ, ಇಳಿಸಬಹುದು ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಬಹುತೇಕ ಸಲ ಅದು ಸುಳ್ಳು ಕೂಗೇ ಆಗಿರುತ್ತಿತ್ತು. ತಂತಿ ನಿಧಾನವಾಗಿರುತ್ತಿತ್ತು, ಅಷ್ಟೆ.

ಆ ಕಾಲದಲ್ಲಿ ವಿಮಲಾ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಅಪ್ಪ ತಳ್ಳುಗಾಡಿಯಲ್ಲಿ ತರಕಾರಿ ಮಾರುವವನು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸಂಪಾದಿಸಿದವರಲ್ಲಿ ಇವಳೇ ಮೊದಲಿನವಳು. ಅಪ್ಪ ದಿನಾ ಗಾಡಿಯನ್ನು ನಮ್ಮ ಗೇಟಿನ ಮುಂದೆ ಒಂದು ಗಳಿಗೆ ನಿಲ್ಲಿಸಿ, ಮಗಳು ಕೂತ ಕಿಟಕಿಯ ಕಡೆ ನೋಡಿ ಮುಂದೆ ಹೋಗುತ್ತಿದ್ದ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ದೊಡ್ಡ ವೈದ್ಯಗ್ರಂಥದ ಅನುಕ್ರಮಣಿಕೆ, ಅಂದರೆ ಯಾವ ಶಬ್ದ ಯಾವ ಪುಟದಲ್ಲಿದೆ ಎಂದು ಪುಸ್ತಕದ ಕೊನೆಗೆ ಕೊಡುವ ಉದ್ದದ ಪಟ್ಟಿ, ಪೂರ್ತಿ ಅವಳ ಪಾಲಿಗೆ ಬಂದಿತ್ತು. ಅದು ಸರಿಯಾಗಿ ಮುಗಿದರೆ ಕಾಯಂ. ಮುಗಿಯದಿದ್ದರೆ ನಮ್ಮ ಮ್ಯಾನೇಜರದು ಒಂದೇ ನಿಯಮ: ಯಾರ ಕೈಯಿಂದ ಪುಟ ಕಳೆದುಹೋಗುತ್ತದೋ ಅವರು ಮರುದಿನ ಬರಬೇಕಾಗಿಲ್ಲ. ಒಂದು ಅಧ್ಯಾಯ ಅಳಿಸಿಹೋಯಿತೆಂದು ಅವಳಿಗಿಂತ ಮುಂಚೆ ಒಬ್ಬನನ್ನು ಹಾಗೇ ಕಳಿಸಿದ್ದರು. ಅವನ ಕುರ್ಚಿಯಲ್ಲೇ ವಿಮಲಾ ಕೂತಿದ್ದಳು.

ಅವಳು ಅನುಕ್ರಮಣಿಕೆ ಶುರುಮಾಡಿದ ಮಧ್ಯಾಹ್ನವೇ ಅವಳ ಯಂತ್ರ ಕೂಗಿತು. ಪಾರುಪತ್ತೇಗಾರರು ಊಟಕ್ಕೆ ಮನೆಗೆ ಹೋಗಿದ್ದರು. ನಾವು ಅಭ್ಯಾಸಬಲದಿಂದ ಕೈ ಎತ್ತಿದೆವು. ಇಳಿಸಿ ಎನ್ನುವವರು ಯಾರೂ ಇರಲಿಲ್ಲ. ತೋಳು ನೋಯತೊಡಗಿತು, ಯಂತ್ರ ಕೂಗುತ್ತಲೇ ಇತ್ತು. ವಿಮಲಾ ಪರದೆಯ ಮೇಲೆ ಬಂದದ್ದನ್ನು ಓದಿದಳು. ‘ಇದ್ದೇನೆ’ ಎಂಬ ಫೈಲು ಗ್ರಂಥದಲ್ಲಿ ಕಾಣುತ್ತಿಲ್ಲ ಎಂದಿತ್ತು. ಇಲ್ಲದಿದ್ದರೆ ಇಟ್ಟರಾಯಿತಲ್ಲ ಎಂದು ಅದೇ ಹೆಸರಿನ ಒಂದು ಖಾಲಿ ಫೈಲು ಮಾಡಿ ಅಲ್ಲಿಟ್ಟಳು. ಕೂಗು ನಿಂತಿತು. ನಾವೆಲ್ಲ ಕೈ ಇಳಿಸಿ ಹುಡುಗಿ ಜಾಣೆ ಎಂದು ಹೊಗಳಿದೆವು. ಊಟ ಮುಗಿಸಿ ಬಂದ ಪಾರುಪತ್ತೇಗಾರರು ನೋಡಿದಾಗ ಭಾವ ಎಲ್ಲ ಸರಿಯಾಗಿದೆ ಎನ್ನುತ್ತಿದ್ದ. ಒಳಗೆ ಕೈ ಹಾಕಿ ನೋಡಿದ್ದಾನೆ, ‘ಇದ್ದೇನೆ’ ಇದೆ. ಮತ್ತೊಂದು ಸುಳ್ಳು ಕೂಗು ಎಂದುಕೊಂಡರು.

ಆ ದಿನ ಮೌಂಟ್ ನಿಜವಾಗಿಯೂ ಕಳಚಿತ್ತು. ವಿಮಲಾ ಮುದ್ರಿಸಿದ ಪುಟಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಫೋಲ್ಡರಿನಲ್ಲಿ ಬೇರೆ ಪುಸ್ತಕಗಳು ಕಾಣುತ್ತಿಲ್ಲವಲ್ಲ ಎಂದು ಹೊಸಬಳಾದ ಅವಳಿಗೆ ಹೊಳೆಯಲಿಲ್ಲ. ವಾರಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದೆಲ್ಲ ಆ ಖಾಲಿ ಫೋಲ್ಡರಿನೊಳಗೆ ಹೋಗಿ ಬೀಳುತ್ತಿತ್ತು.

ಪುಸ್ತಕ ಕಳಿಸಬೇಕಾದ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಯಂತ್ರಗಳೆಲ್ಲ ಮತ್ತೆ ಎದ್ದವು. ಏಳುವಾಗ ವಿಮಲಾಳ ಯಂತ್ರಕ್ಕೆ ದೇವರ ಮನೆ ತಾನಾಗಿ ಜೋಡಿಸಿಕೊಂಡಿತು. ಅವಳು ಗ್ರಂಥ ತೆರೆದಾಗ ಆಫೀಸಿನ ಅಷ್ಟೂ ಪುಸ್ತಕಗಳಿದ್ದವು, ‘ಇದ್ದೇನೆ’ ಇತ್ತು, ಅನುಕ್ರಮಣಿಕೆ ಇರಲಿಲ್ಲ. ಎಲ್ಲವನ್ನೂ ನಕಲು ಮಾಡಿಡುವ ಟೇಪಿನಲ್ಲೂ ಇರಲಿಲ್ಲ. ದೇವರ ಮನೆಗೇ ತಲುಪದ್ದು ಟೇಪಿಗೆ ಎಲ್ಲಿಂದ ಬರಬೇಕು. ವಿಮಲಾ ಇಟ್ಟ ಫೈಲು ಆಗ ನಮಗೆಲ್ಲ ನೆನಪಾಯಿತು. ಅಷ್ಟರಲ್ಲಿ ನಮ್ಮ ಗುಸುಗುಸುವನ್ನು ಅರ್ಧಂಬರ್ಧ ಕೇಳಿಸಿಕೊಂಡ ಲೆಕ್ಕಪತ್ರದವರು ಚಾಮರಾಜಪೇಟೆಯ ಮುಖ್ಯ ಕಚೇರಿಗೆ ಫೋನು ಮಾಡಿ, ಕೂಗು ನಿಲ್ಲಿಸಲು ಯಾರೋ ಸುಳ್ಳು ಫೈಲು ಇಟ್ಟಿದ್ದರಂತೆ, ಅನುಕ್ರಮಣಿಕೆ ಹೋಯಿತಂತೆ ಎಂದು ಮ್ಯಾನೇಜರಿಗೆ ಹೇಳಿಯಾಗಿತ್ತು. ಅವರು ಹೊರಟು ಬರುತ್ತಿದ್ದರು. ವಿಮಲಾ ಅಳಲಿಲ್ಲ. ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಳ್ಳತೊಡಗಿದಳು.

ಪಾರುಪತ್ತೇಗಾರರು ಬಂದು ಅವಳ ಕುರ್ಚಿಯಲ್ಲಿ ಕೂತರು. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ಅವಳ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ತಮ್ಮ ಶಾಲು ಹಾಸಿದರು.

“ಮೇಜು ಅಂದ್ರೆ ನಿನ್ನ ಯಂತ್ರದ ಖಾಲಿ ಫೋಲ್ಡರು. ಶಾಲು ಅಂದ್ರೆ ದೇವರ ಮನೆ ಗ್ರಂಥ. ಶಾಲು ಜಾರಿದಾಗ ನೀನು ಡಬ್ಬೀನ ಮೇಜಿನ ಮೇಲಿಟ್ಟೆ. ಈಗ ಮತ್ತೆ ಶಾಲು ಬಿತ್ತು. ಡಬ್ಬಿ ಎಲ್ಲಿ ಹೋಗುತ್ತಮ್ಮ? ಕೆಳಗೇ ಇದೆ.”

“ಹಾಗಾದ್ರೆ ಶಾಲು ತೆಗೀರಿ ಸಾರ್,” ಎಂದಳು ವಿಮಲಾ.

ಅವರ ಮುಖ ಇಳಿಯಿತು. ಮೌಂಟ್ ಕಳಚಬಾರದು ಎಂದು ಹಗಲಿರುಳು ಕಾದ ಮನುಷ್ಯ. ಈಗ ತಮ್ಮ ಕೈಯಾರೆ ಅದನ್ನು ಕಳಚಬೇಕಾಗಿತ್ತು. “ನಾನೇ ತೆಗೀಬೇಕಾ?” ಎಂದು ನನ್ನನ್ನು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು. “ಹೋಗ್ಬೇಡಿ ನೀವು. ಕರಡು ತಿದ್ದೋರು, ನಾನು ಹೊಡೆಯೋದನ್ನ ಓದಿ ನೋಡ್ತಿರಿ, ಕೈ ನಡುಗ್ತಿದೆ.”

ಆಜ್ಞೆ ಹೊಡೆದರು. ಆಗುವುದಿಲ್ಲ ಎಂದಿತು ಯಂತ್ರ. ಗ್ರಂಥದೊಳಗೆ ಯಾರೋ ಇದ್ದಾರೆ, ಒಳಗೆ ಜನ ಇರುವಾಗ ಕಳಚಲು ಬರುವುದಿಲ್ಲ. ಯೂನಿಕ್ಸಿನಲ್ಲಿ ಒಬ್ಬರು ತಮ್ಮ ಜಾಗದಲ್ಲೇ ಕೂತು ಇನ್ನೊಬ್ಬರ ಯಂತ್ರದೊಳಗೆ ಹೊಕ್ಕಿರಬಹುದು. ಇವರು ಎದ್ದು ನಿಂತು ಎಲ್ಲರೂ ಗ್ರಂಥದಿಂದ ಹೊರಗೆ ಬನ್ನಿ ಎಂದರು. ಎಲ್ಲರೂ ಬಂದೆವು ಎಂದರು. ಮತ್ತೆ ಹೊಡೆದರು, ಮತ್ತೆ ಅದೇ ಉತ್ತರ. ಯಾರ ಮಾತನ್ನೂ ನಂಬುವ ಸ್ವಭಾವವಲ್ಲವಲ್ಲ. ಮನೆಯಿಂದಲೇ ಹೊರಗೆ ಹೋಗಿ ಎಂದರು. ಇಡೀ ಆಫೀಸು ಚಪ್ಪಲಿ ಹುಡುಕಿಕೊಂಡು ರಸ್ತೆಗೆ ಇಳಿಯಿತು. ಹಿತ್ತಿಲಿನಿಂದ ಅಜ್ಜಿಯೂ ಬಂದು ಅವರ ಜೊತೆ ನಿಂತರು.

“ಏನಪ್ಪಾ, ಭೂಮಿ ನಡುಗ್ತಾ?”

“ಇಲ್ಲ ಅಜ್ಜಿ, ಫೋಲ್ಡರಿಂದ ಹೊರಗೆ ಬಂದಿದೀವಿ.”

“ಯಾರಿಗಾದ್ರೂ ಏಟಾಯ್ತಾ?” ಎಂದರು ಅಜ್ಜಿ.

ಆ ಹೊತ್ತಿಗೆ ಸರಿಯಾಗಿ ತಳ್ಳುಗಾಡಿ ಬಂತು. ಕಿಟಕಿಯಲ್ಲಿ ಕಾಣಬೇಕಾದ ಮಗಳು ಬ್ಯಾಗು ತಗಲಿಸಿಕೊಂಡು ರಸ್ತೆಯಲ್ಲಿ ನಿಂತಿದ್ದಳು. “ಯಾಕಮ್ಮ ಆಚೆ ಇದೀಯ?” ಎಂದು ಅವನು ಕೇಳಿದ್ದು, “ಸುಮ್ನೆ ಅಪ್ಪ, ಗಾಳಿಗೆ” ಎಂದು ಅವಳು ಹೇಳಿದ್ದು ಒಳಗೆ ನಮಗಿಬ್ಬರಿಗೂ ಕೇಳಿಸಿತು. ಗಾಡಿ ಆ ದಿನ ಮುಂದೆ ಹೋಗಲಿಲ್ಲ.

ಪಾರುಪತ್ತೇಗಾರರು ಮತ್ತೆ ಹೊಡೆದರು. ಇನ್ನೂ ಯಾರೋ ಒಳಗಿದ್ದಾರೆ. ಯಾರು ಎಂದು ಹೆಸರು ತೋರಿಸುವ ಇನ್ನೊಂದು ಆಜ್ಞೆ ಕೊಟ್ಟರು. ಪರದೆಯ ಮೇಲೆ ಒಂದೇ ಹೆಸರು ಬಂತು. ಭಾವ.

‘ಇದ್ದೇನೆ’ ಇದೆಯೇ ಎಂದು ನೋಡಲು ಭಾವ ಗ್ರಂಥದೊಳಗೆ ಹೋಗಿದ್ದ. ಹೋದವನು ಅಲ್ಲೇ ಕೂತು ಮತ್ತೆ ಮತ್ತೆ ನೋಡುತ್ತಿದ್ದ. ನೋಡಿದ ಮೇಲೆ ಹೊರಗೆ ಬಾ ಎಂದು ಅವನಿಗೆ ಇವರು ಹೇಳಿರಲಿಲ್ಲ. ಬಿಚ್ಚಲು ಅಡ್ಡವಾಗಿ ಕೂತಿದ್ದವನು ಇವರದೇ ಕಾವಲುಗಾರ. ಒಂದು ಸಲ ಮೂಗು ಒರೆಸಿಕೊಂಡು ಭಾವನನ್ನು ಮುಗಿಸಿದರು. ತಕ್ಷಣ ಮೈದುನ ಇನ್ನೊಬ್ಬ ಭಾವನನ್ನು ಎಬ್ಬಿಸಿದ. ಅವನೂ ನೇರ ಒಳಗೆ ಹೋಗಿ ಕೂತ. ಮೈದುನನನ್ನು ಮುಗಿಸಿದರು. ಷಡ್ಡಕ ಇನ್ನೊಬ್ಬ ಮೈದುನನನ್ನು ಎಬ್ಬಿಸಿದ, ಆ ಮೈದುನ ಮತ್ತೊಬ್ಬ ಭಾವನನ್ನು. ಅವರ ಸ್ಕ್ರಿಪ್ಟುಗಳು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೊನೆಗೆ ಹಿರಿಯನಿಂದ ಶುರುಮಾಡಿ, ಷಡ್ಡಕ, ಮೈದುನ, ಭಾವ ಎಂದು ಸಾಲಾಗಿ ಇಡೀ ಬಳಗವನ್ನೇ ತೆಗೆದರು. ಆಮೇಲೆ ಮೌಂಟ್ ಕಳಚಿದರು.

ಕೆಳಗೆ ಅನುಕ್ರಮಣಿಕೆ ಇತ್ತು. ಮೊದಲ ಅಕ್ಷರದಿಂದ ಕೊನೆಯವರೆಗೆ ಪೂರ್ತಿ ಇತ್ತು. ಅದರ ಪಕ್ಕದಲ್ಲೇ ವಿಮಲಾ ಇಟ್ಟ ಸುಳ್ಳು ‘ಇದ್ದೇನೆ’ಯೂ ಇತ್ತು. ಯೂನಿಕ್ಸಿನಲ್ಲಿ ಪ್ರತಿ ಫೈಲಿನ ಮುಂದೆಯೂ ಅದು ಯಾರದೆಂದು ಒಂದು ಹೆಸರಿರುತ್ತದೆ. ಅದರ ಮುಂದೆ ವಿಮಲಾಳ ಹೆಸರಿತ್ತು. ಇವರು ಅನುಕ್ರಮಣಿಕೆಯನ್ನು ಬೇರೆ ಕಡೆ ಭದ್ರವಾಗಿ ನಕಲು ಮಾಡಿದರು. ಆಗಲೇ ಗೇಟಿನಲ್ಲಿ ಮ್ಯಾನೇಜರ ಕಾರು ನಿಂತ ಸದ್ದಾಯಿತು.

“ಅದನ್ನ ಅಳಿಸ್ಬಿಡಿ,” ಎಂದೆ ನಾನು.

“ಅಳಿಸಿದ್ರೆ ಯಾರು ಅಂತ ಹುಡುಕ್ತಾರೆ. ಹುಡುಕೋರಿಗೆ ಒಂದು ಹೆಸರು ಸಿಗಬೇಕು.”

ಇನ್ನೊಂದು ಚಿಕ್ಕ ಆಜ್ಞೆ ಹೊಡೆದರು. ಅದನ್ನು ಓದಿ ನೋಡಿ ಎಂದು ನನಗೆ ಹೇಳಲಿಲ್ಲ, ಕೈಯೂ ನಡುಗಲಿಲ್ಲ. ಸುಳ್ಳು ಫೈಲಿನ ಮುಂದೆ ಇದ್ದ ವಿಮಲಾಳ ಹೆಸರು ಹೋಗಿ ಅವರ ಹೆಸರು ಬಂತು.

“ಏನ್ ಮಾಡಿದ್ರಿ ಇದು?”

“ತಿದ್ದುಪಡಿ. ಕೆಳಗಿನ ಖಾಲಿ ಜಾಗಕ್ಕೆ ಯಾರೂ ಏನೂ ಇಡದ ಹಾಗೆ ನಾನು ಮೊದಲೇ ಬೀಗ ಹಾಕಿರ್ಬೇಕಿತ್ತು. ಹಾಕಿದ್ರೆ ಈ ಹುಡುಗಿಗೆ ಆ ಫೈಲ್ ಇಡೋಕೆ ಆಗ್ತಾನೇ ಇರ್ಲಿಲ್ಲ. ಹೆಸರು ತಪ್ಪು ಬಿದ್ದಿತ್ತು, ಸರಿ ಮಾಡ್ದೆ.”

ಮ್ಯಾನೇಜರು ಒಳಗೆ ಬಂದರು. ಅವರ ಹಿಂದೆಯೇ ಎಲ್ಲರೂ ಬಂದರು. ಅನುಕ್ರಮಣಿಕೆ ಸಿಕ್ಕಿದೆ ಎಂದೆ. ಸಿಕ್ಕಿದ್ದು ಸಂತೋಷ, ಕಳೆದವರು ಯಾರು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ವಿಮಲಾ ಮುಂದೆ ಬಂದಳು.

“ನಾನೇ ಸಾರ್. ಆ ಫೈಲ್ ಇಟ್ಟಿದ್ದು ನಾನು.”

ಪಾರುಪತ್ತೇಗಾರರು ಕುರ್ಚಿ ಹಿಂದಕ್ಕೆ ತಳ್ಳಿ ಪರದೆಗೆ ದಾರಿ ಬಿಟ್ಟರು. “ಬಾಯಿಮಾತು ಕೇಳ್ಬೇಡಿ ಸಾರ್, ಯಂತ್ರ ನೋಡಿ. ಹೆಸರಿದೆ.”

ಮ್ಯಾನೇಜರು ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. “ನಿನ್ನ ಹೆಸರು ಇಲ್ಲಿ ಎಲ್ಲಿದೆಯಮ್ಮ? ಇದು ಇವರದು. ದೊಡ್ಡವರನ್ನ ಉಳಿಸೋಕೆ ಅಂತ ನೀನ್ಯಾಕೆ ಮೈಮೇಲೆ ಹಾಕ್ಕೋತೀಯ?”

“ಇಲ್ಲ ಸಾರ್, ನಿಜವಾಗ್ಲೂ ನಾನೇ.”

“ಒಳ್ಳೇ ಮನಸ್ಸು ನಿಂದು,” ಎಂದರು ಮ್ಯಾನೇಜರು, “ಆದ್ರೆ ಸುಳ್ಳು ಹೇಳ್ಬಾರದು.” ಹಾಗೆಂದು ಇವರ ಕಡೆ ತಿರುಗಿ ನಿಯಮ ನಿಮಗೂ ಗೊತ್ತಲ್ಲ ಎಂದರು. ಗೊತ್ತು ಎಂದರು ಇವರು. ಕೈ ಎತ್ತಿಸಿ ಎತ್ತಿಸಿ ನನ್ನ ತೋಳು ಹಾಳು ಮಾಡಿದ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿಯಿತ್ತು ಎಂದು ಅವತ್ತೇ ತಿಳಿದದ್ದು.

ಹೋಗುವ ಮೊದಲು ಅವರು ಕೇಳಿದ್ದು ಒಂದೇ. ಬಳಗವನ್ನೆಲ್ಲ ಮುಗಿಸಿದ್ದೇನೆ, ಯಂತ್ರಕ್ಕೆ ಈಗ ಕಾವಲಿಲ್ಲ, ಎಬ್ಬಿಸಿ ಹೋಗುತ್ತೇನೆ. ಮ್ಯಾನೇಜರು ಒಪ್ಪಿದರು. ದೇವರ ಮನೆಯನ್ನು ಮತ್ತೆ ಜೋಡಿಸಿದರು. ಅನುಕ್ರಮಣಿಕೆಯನ್ನು ವಿಮಲಾಳ ಪರದೆಯ ಮೇಲೆ ತೆರೆದಿಟ್ಟರು. ನೋಡಿದ ಮೇಲೆ ಹೊರಗೆ ಬರಬೇಕು ಎಂದು ಭಾವನಿಗೆ ಒಂದು ಸಾಲು ಸೇರಿಸಿ, ಮೂವರನ್ನೂ ಎಬ್ಬಿಸಿದರು. ಸುಳ್ಳು ಫೈಲು ಶಾಲಿನ ಕೆಳಗೆ ಅವರ ಹೆಸರಿನಲ್ಲೇ ಉಳಿಯಿತು. ಬೀಗದ ಕೈಯನ್ನು ಮ್ಯಾನೇಜರ ಕೈಗೆ ಕೊಟ್ಟು, ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು ಎಂದು ನೆನಪಿಸಿದರು.

ವಿಮಲಾ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. ಅವಳ ಕೆಲಸ ಉಳಿದಿತ್ತು. ಮುಂದೆ ಕಾಯಂ ಕೂಡ ಆಯಿತು, ಪತ್ರದಲ್ಲಿ ಹಿರಿಯರ ಬಗ್ಗೆ ಅವಳಿಗಿರುವ ನಿಷ್ಠೆಯನ್ನು ಮ್ಯಾನೇಜರು ವಿಶೇಷವಾಗಿ ಮೆಚ್ಚಿ ಬರೆದಿದ್ದರು. ಆ ಕ್ಷಣದಲ್ಲಿ ಅವಳಿಗೆ ಅದ್ಯಾವುದೂ ಬೇಕಿರಲಿಲ್ಲ. ಪಾರುಪತ್ತೇಗಾರರು ಶಾಲು ಮಡಿಸಿ ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಿಂದ ಹಾದು ಬಾಗಿಲ ತನಕ ಹೋದರು. ಅಲ್ಲಿ ನಿಂತು ತಿರುಗಿ ನೋಡಿದರು.

“ಅದನ್ನ ಒಂದ್ಸಲ ಸೇವ್ ಮಾಡ್ಕೊಮ್ಮ,” ಎಂದರು. “ಈಗ ಇದೆ.”

ವಿಮಲಾ ಸೆರಗಿನಲ್ಲಿ ಕೈ ಒರೆಸಿಕೊಂಡು ಸೇವ್ ಮಾಡಿದಳು.